ನೈದಿಲೆ: ಸಸ್ಯ ಪರಿಚಯ, ನೆಲೆ ಹಾಗೂ ಹಳಿಯಾಳ–ಮುಂಡಗೋಡ ಭಾಗದ ಕೆರೆಗಳಲ್ಲಿ ಅದರ ನಿರ್ವಹಣೆ

ನೈದಿಲೆಯು ಕೆರೆಯ ಕೆಸರಿನಲ್ಲಿ ಗಡ್ಡೆಯೂರಿ, ಎಲೆ ಮತ್ತು ಹೂಗಳನ್ನು ನೀರಿನ ಮೇಲ್ಮೈಗೆ ಕಳುಹಿಸುವ ಬಹುವಾರ್ಷಿಕ ಜಲಸಸ್ಯವಾಗಿದೆ. ಇದನ್ನು ಕುರಿತು ಕೃಷಿಕರಿಂದ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಬರುತ್ತವೆ. ಕೆರೆಯಲ್ಲಿ ನೈದಿಲೆ ಹಬ್ಬಿದೆ, ಯಾವ ಕಳೆನಾಶಕ ಸಿಂಪಡಿಸಬೇಕು ಎಂಬುದು ಮೊದಲನೆಯದು. ಹೂಳೆತ್ತಿದ ಮೇಲೆ ನಮ್ಮ ಕೆರೆಯಲ್ಲಿ ನೈದಿಲೆ ಮತ್ತೆ ಕಾಣಿಸಿಕೊಂಡಿಲ್ಲ, ಅದನ್ನು ಮರಳಿ ತರುವುದು ಹೇಗೆ ಎಂಬುದು ಎರಡನೆಯದು. ಒಂದು ಪ್ರಶ್ನೆ ಇನ್ನೊಂದಕ್ಕೆ ವಿರುದ್ಧವಾಗಿ ತೋರಿದರೂ ಎರಡಕ್ಕೂ ಉತ್ತರ ಈ ಸಸ್ಯದ ರಚನೆಯಲ್ಲಿಯೇ ಇದೆ. ಆದ್ದರಿಂದ ಈ ಲೇಖನದಲ್ಲಿ ಮೊದಲು ಸಸ್ಯವರ್ಣನೆಯನ್ನೂ ಅನಂತರ ನೆಲೆ ಮತ್ತು ನಿರ್ವಹಣೆಯನ್ನೂ ವಿವರಿಸಲಾಗಿದೆ.

ಹೆಸರು ಮತ್ತು ಗುರುತು

ನಮ್ಮ ಕೆರೆಗಳಲ್ಲಿ ಕಾಣುವ ನೀಲಿ ಹೂವಿನ ನೈದಿಲೆಯ ಸಸ್ಯಶಾಸ್ತ್ರೀಯ ನಾಮ ನಿಂಫಿಯಾ ನೌಚಾಲಿ. ಬರ್ಮನ್ ಎಂಬ ಡಚ್ ಸಸ್ಯಶಾಸ್ತ್ರಜ್ಞನು 1768ರಲ್ಲಿ ಈ ಹೆಸರನ್ನು ಕೊಟ್ಟನು. ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದ ಗ್ರಂಥಗಳನ್ನು ನೋಡುವವರಿಗೆ ಇದು ನಿಂಫಿಯಾ ಸ್ಟೆಲ್ಲಾಟಾ ಎಂಬ ಹೆಸರಿನಲ್ಲಿ ಸಿಗುತ್ತದೆ. ಆಯುರ್ವೇದದ ಹಲವು ಕನ್ನಡ ಪುಸ್ತಕಗಳಲ್ಲಿ ಇಂದಿಗೂ ಆ ಹಳೆಯ ಹೆಸರೇ ಉಳಿದಿದೆ. ಎರಡೂ ಒಂದೇ ಸಸ್ಯ. ಇದಕ್ಕೂ ಹಿಂದೆ, 1692ರಲ್ಲಿ ಪ್ರಕಟವಾದ ಹೋರ್ಟಸ್ ಮಲಬಾರಿಕಸ್ ಗ್ರಂಥದ 11ನೆಯ ಸಂಪುಟದಲ್ಲಿ, ಮಲಯಾಳದ ಆಂಬಲ್ ಎಂಬ ಹೆಸರಿನೊಂದಿಗೆ ನೈದಿಲೆಗಳ ಚಿತ್ರಗಳಿವೆ.

ಕನ್ನಡದಲ್ಲಿ ನೀಲಿಯದಕ್ಕೆ ಕನ್ನೈದಿಲೆ ಎಂದೂ ಬಿಳಿಯದಕ್ಕೆ ಬಿಳಿನೈದಿಲೆ ಎಂದೂ ಹೆಸರಿದೆ. ಸಂಸ್ಕೃತಮೂಲದ ಉತ್ಪಲ, ಇಂದೀವರ, ಕುವಲಯ ಎಂಬ ಪದಗಳು ಹೆಚ್ಚಾಗಿ ನೀಲಿಗೂ ಕುಮುದವೆಂಬುದು ಬಿಳಿಗೂ ಸಲ್ಲುತ್ತವೆ. ಬಿಳಿ ಅಥವಾ ನಸುಗೆಂಪು ಹೂವಿನ ಆ ಸಸ್ಯವು ಬೇರೆಯೇ ಪ್ರಭೇದ, ಅದರ ಹೆಸರು ನಿಂಫಿಯಾ ಪ್ಯುಬೆಸೆನ್ಸ್. ಬಣ್ಣವನ್ನು ಮಾತ್ರ ನಂಬಿ ಇವುಗಳನ್ನು ಬೇರ್ಪಡಿಸಲಾಗದು, ಏಕೆಂದರೆ ನೌಚಾಲಿಯಲ್ಲಿಯೂ ಬಹುತೇಕ ಬಿಳಿಯೆನಿಸುವ ಹೂಗಳಿರುತ್ತವೆ. ಎಲೆಯನ್ನು ಮಗುಚಿ ನೋಡುವುದೇ ನಿಶ್ಚಿತವಾದ ವಿಧಾನ. ನೌಚಾಲಿಯ ಎಲೆಯ ಅಡಿಭಾಗ ನುಣುಪಾಗಿದ್ದು ನೇರಳೆ ಛಾಯೆ ಹೊಂದಿರುತ್ತದೆ, ಅಂಚು ಅಲೆಯಲೆಯಾಗಿರುತ್ತದೆ. ಪ್ಯುಬೆಸೆನ್ಸ್‌ನ ಎಲೆಯಡಿಯಲ್ಲಿ ಮೃದುವಾದ ರೋಮಗಳಿದ್ದು ಅಂಚಿನಲ್ಲಿ ಚೂಪಾದ ಹಲ್ಲುಗಳಿರುತ್ತವೆ. ಇನ್ನೊಂದು ವ್ಯತ್ಯಾಸ ಹೊತ್ತಿನದು. ನೌಚಾಲಿ ಬೆಳಗಿನಲ್ಲಿ ಅರಳಿ ಅಪರಾಹ್ನ ಮುಚ್ಚಿಕೊಳ್ಳುತ್ತದೆ. ಪ್ಯುಬೆಸೆನ್ಸ್ ಸಂಜೆಯ ಮೇಲೆ ಅರಳಿ ಮರುದಿನ ಬೆಳಗಿನ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ನೈದಿಲೆಯು ಚಂದ್ರೋದಯಕ್ಕೆ ಅರಳುವುದೆಂಬ ಕವಿಸಮಯವು ಈ ಎರಡನೆಯದಕ್ಕೆ ಸರಿಯಾಗಿ ಹೊಂದುತ್ತದೆ. ನೀಲಿ ನೈದಿಲೆಗೆ ಅದನ್ನು ಅನ್ವಯಿಸಿದರೆ ಸಸ್ಯಶಾಸ್ತ್ರವು ಒಪ್ಪುವುದಿಲ್ಲ. ಬಾಂಗ್ಲಾದೇಶದ ರಾಷ್ಟ್ರೀಯ ಪುಷ್ಪವಾದ ಶಾಪ್ಲಾ ಬಿಳಿಯದು, ಶ್ರೀಲಂಕಾದ ರಾಷ್ಟ್ರೀಯ ಪುಷ್ಪ ನೀಲಿಯದು.

ತಾವರೆಯೊಂದಿಗೆ ನೈದಿಲೆಯನ್ನು ಬೆರೆಸುವುದು ಸಾಮಾನ್ಯವಾದ ರೂಢಿ. ಕಮಲವೆಂಬ ಹೆಸರು ಆಡುಮಾತಿನಲ್ಲಿ ಎರಡಕ್ಕೂ ಓಡಾಡುತ್ತದೆ. ತಾವರೆಯ ಬಲಿತ ಎಲೆಯು ನೀರಿನಿಂದ ಮೇಲೆದ್ದು ಕೊಡೆಯಂತೆ ನಿಲ್ಲುತ್ತದೆ, ತೊಟ್ಟು ಎಲೆಯ ನಟ್ಟನಡುವೆ ಸೇರುತ್ತದೆ, ಎಲೆಯಲ್ಲಿ ಸೀಳಿರುವುದಿಲ್ಲ, ನೀರಹನಿ ಅದರ ಮೇಲೆ ಉರುಳುತ್ತದೆ. ನೈದಿಲೆಯ ಎಲೆ ನೀರಿನ ಮೇಲೆ ಮಲಗಿರುತ್ತದೆ ಮತ್ತು ಅಂಚಿನಿಂದ ತೊಟ್ಟಿನವರೆಗೆ ಆಳವಾದ ಸೀಳು ಇರುತ್ತದೆ. ಹೊರನೋಟಕ್ಕೆ ಸೋದರರಂತೆ ಕಾಣುವ ಇವೆರಡೂ ವಂಶದಲ್ಲಿ ಬಹುದೂರದವು. ನೈದಿಲೆಯ ಗಣವು ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಬುಡದ ಸಮೀಪದಲ್ಲಿಯೇ ಕವಲೊಡೆದದ್ದು, ಅದರ ಬಂಧುಗಳ ಪಳೆಯುಳಿಕೆಗಳು ಹತ್ತು ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಲ್ಲಿ ದೊರೆತಿವೆ. ತಾವರೆಯಾದರೋ ಬಹಳ ಈಚಿನ ಕವಲಿಗೆ ಸೇರಿದುದು. ಒಂದೇ ಬಗೆಯ ನೀರಿನ ಬಾಳು ಎರಡಕ್ಕೂ ಒಂದೇ ಬಗೆಯ ರೂಪವನ್ನು ಕೊಟ್ಟಿದೆ.

ಬಿಳಿ ಝಾಲರಿಯಂತಹ ಪುಟ್ಟ ಹೂವಿನ ನಿಂಫಾಯ್ಡಿಸ್ ಎಂಬ ಸಸ್ಯದ ಎಲೆಯೂ ಚಿಕ್ಕ ನೈದಿಲೆಯ ಎಲೆಯಂತೆಯೇ ಕಾಣುತ್ತದೆ. ಎಲೆಯ ಬುಡದ ಬಳಿಯಿಂದಲೇ ಹೂಗೊಂಚಲು ಹೊರಟಿದ್ದರೆ ಅದು ನೈದಿಲೆಯಲ್ಲವೆಂದು ತಿಳಿಯಬೇಕು.

ಗಡ್ಡೆ, ತೊಟ್ಟು ಮತ್ತು ಎಲೆ

ಕೆಸರಿನೊಳಗೆ ನೆಟ್ಟಗೆ ಕುಳಿತ ಮೋಟು ಗಡ್ಡೆಯೇ ಈ ಸಸ್ಯದ ಶಾಶ್ವತವಾದ ಅಂಗ, ಉಳಿದುದೆಲ್ಲವೂ ಋತುವಿಗೆ ತಕ್ಕಂತೆ ಬಂದುಹೋಗುವಂಥದ್ದು. ಗಡ್ಡೆಯಲ್ಲಿ ಪಿಷ್ಟದ ಸಂಗ್ರಹವಿರುತ್ತದೆ. ಬರಗಾಲದಲ್ಲಿ ದೇಶದ ಹಲವೆಡೆ ಜನರು ಇದನ್ನು ಬೇಯಿಸಿ ತಿಂದಿರುವುದು ಈ ಕಾರಣದಿಂದಲೇ. ಚೈತ್ರ, ವೈಶಾಖಗಳಲ್ಲಿ ಕೆರೆಯ ನೀರು ಇಂಗಿ ತಳ ಬಿರಿದಾಗ ಎಲೆಗಳೆಲ್ಲ ಒಣಗಿ ಕರಗುತ್ತವೆ. ಕೆರೆಯಂಗಳದಲ್ಲಿ ದನಗಳು ಮೇಯುತ್ತಿರುವಾಗ ಅಲ್ಲಿ ನೈದಿಲೆಯಿದೆ ಎಂಬುದಕ್ಕೆ ಯಾವ ಕುರುಹೂ ಇರುವುದಿಲ್ಲ. ಆದರೆ ಮೇಲ್ಪದರದಿಂದ ಗೇಣುದ್ದ ಕೆಳಗೆ, ತೇವ ಉಳಿದಿರುವಲ್ಲಿ, ಗಡ್ಡೆಯು ಸುಪ್ತಾವಸ್ಥೆಯಲ್ಲಿ ಜೀವಂತವಾಗಿರುತ್ತದೆ. ಮುಂಗಾರಿನ ನೀರು ಒಂದೆರಡು ಅಡಿ ನಿಂತೊಡನೆ ಚಿಗುರುತ್ತದೆ. ಹೂಳೆತ್ತುವ ಯಂತ್ರ ಕೆರೆಗಿಳಿಯುವುದು ಇದೇ ಬೇಸಿಗೆಯಲ್ಲಿ, ಅದರ ಬಕೆಟ್ಟು ಮೊದಲು ಎತ್ತುವುದು ಇದೇ ಪದರವನ್ನು ಎಂಬುದನ್ನು ಇಲ್ಲಿ ಗಮನಿಸಬೇಕು.

ಚಿಗುರಿದ ಮೊದಲ ಎಲೆಗಳು ನೀರೊಳಗೆಯೇ ಇರುತ್ತವೆ. ಅವು ತೆಳುವಾಗಿ, ಬಾಣದ ಮೊನೆಯ ಆಕಾರದಲ್ಲಿದ್ದು, ಕೆರೆಯ ತಳದವರೆಗೆ ಬೆಳಕು ಇಳಿದರೆ ಮಾತ್ರ ಆಹಾರ ತಯಾರಿಸಬಲ್ಲವು. ಅನಂತರದ ಎಲೆಗಳು ತೊಟ್ಟನ್ನು ನೀಳಮಾಡಿಕೊಂಡು ಮೇಲ್ಮೈಗೆ ಬರುತ್ತವೆ. ತೇಲೆಲೆಯ ವ್ಯಾಸ ಸಾಮಾನ್ಯವಾಗಿ 10ರಿಂದ 30 ಸೆಂ.ಮೀ. ಇರುತ್ತದೆ. ನೆಲದ ಸಸ್ಯಗಳಲ್ಲಿ ಪತ್ರರಂಧ್ರಗಳು ಬಹುಮಟ್ಟಿಗೆ ಎಲೆಯಡಿಯಲ್ಲಿದ್ದರೆ, ಇಲ್ಲಿ ಅವೆಲ್ಲವೂ ಗಾಳಿಗೆ ತೆರೆದ ಮೇಲ್ಭಾಗದಲ್ಲಿವೆ. ತೊಟ್ಟನ್ನು ಅಡ್ಡಕೊಯ್ದು ನೋಡಿದರೆ ಉದ್ದಕ್ಕೂ ಸಾಗುವ ದೊಡ್ಡ ಗಾಳಿಕೊಳವೆಗಳು ಬರಿಗಣ್ಣಿಗೇ ಕಾಣುತ್ತವೆ. ಆಮ್ಲಜನಕವಿಲ್ಲದ ಕೆಸರಿನಲ್ಲಿರುವ ಗಡ್ಡೆ ಮತ್ತು ಬೇರುಗಳು ಉಸಿರಾಡುವುದು ಇವುಗಳ ಮೂಲಕವೇ. ನೈದಿಲೆಯ ಕುಟುಂಬದಲ್ಲಿ ಈ ಗಾಳಿಯ ಚಲನೆ ಬರಿಯ ಹರಡುವಿಕೆಯಲ್ಲ. ಬಿಸಿಲಿಗೆ ಕಾದ ಎಳೆಯ ಎಲೆಯೊಳಗೆ ಒತ್ತಡವುಂಟಾಗಿ ಗಾಳಿಯು ಅದರ ತೊಟ್ಟಿನ ಮೂಲಕ ಗಡ್ಡೆಗೆ ಇಳಿಯುತ್ತದೆ, ಅಲ್ಲಿಂದ ಹಳೆಯ ಎಲೆಗಳ ತೊಟ್ಟಿನ ಮೂಲಕ ಮೇಲೇರಿ ಹೊರಬರುತ್ತದೆ. ಆದುದರಿಂದ ಎಲೆಗಳನ್ನೆಲ್ಲ ಏಕಕಾಲಕ್ಕೆ ನೀರಿನ ಕೆಳಗೆ ಕತ್ತರಿಸಿದರೆ ಗಡ್ಡೆಯ ಉಸಿರೇ ಕಟ್ಟುತ್ತದೆ. ಕಳೆನಾಶಕವಿಲ್ಲದೆ ನೈದಿಲೆಯನ್ನು ಹತೋಟಿಗೆ ತರಲು ಈ ಗುಣವೇ ಸಾಕು, ಇದರ ಬಳಕೆಯನ್ನು ಮುಂದೆ ಹೇಳಲಾಗಿದೆ.

ನೀರಿನ ಮಟ್ಟ ಏರಿದರೆ ತೊಟ್ಟು ಕೂಡ ಉದ್ದವಾಗುತ್ತದೆ. ಮುಳುಗಿದ ಅಂಗಾಂಶದಲ್ಲಿ ಎಥಿಲೀನ್ ಅನಿಲ ಹೊರಹೋಗಲಾರದೆ ಸಂಗ್ರಹವಾಗಿ ಕೋಶಗಳ ನೀಳ ಬೆಳವಣಿಗೆಯನ್ನು ಪ್ರಚೋದಿಸುವುದು ತೇಲೆಲೆಯ ಸಸ್ಯಗಳಲ್ಲಿಯೂ ಆಳನೀರಿನ ಭತ್ತದಲ್ಲಿಯೂ ಕಂಡುಬಂದಿರುವ ಸಂಗತಿ. ಆದರೆ ಈ ಸಾಮರ್ಥ್ಯಕ್ಕೆ ಮಿತಿಯಿದೆ. ನೈದಿಲೆಯು ಅರ್ಧ ಮೀಟರಿನಿಂದ ಎರಡು ಮೀಟರ್ ಆಳದ ನೀರಿನಲ್ಲಿ ಚೆನ್ನಾಗಿ ಬಾಳುತ್ತದೆ. ಅದಕ್ಕಿಂತ ಆಳವಾದಂತೆ ಎಲೆಗಳ ಸಂಖ್ಯೆ ಕುಗ್ಗುತ್ತದೆ, ಎಳೆಯ ಸಸಿಗಳಂತೂ ಮೇಲ್ಮೈಯನ್ನು ಮುಟ್ಟುವುದೇ ಇಲ್ಲ.

ಹೂವು ಮತ್ತು ಬೀಜ

ಹೂವಿನಲ್ಲಿ ನಾಲ್ಕು ಪುಷ್ಪಪತ್ರಗಳಿದ್ದು, ಹಸುರಾದ ಅವುಗಳ ಹೊರಮೈಯಲ್ಲಿ ಕಪ್ಪುನೇರಳೆಯ ಗೀರುಗಳಿರುತ್ತವೆ. ದಳಗಳು ಸಾಮಾನ್ಯವಾಗಿ 10ರಿಂದ 16. ಕೇಸರಗಳು ಅನೇಕ, ಹೊರಸುತ್ತಿನ ಕೇಸರಗಳ ತುದಿಯಲ್ಲಿ ದಳದ ಬಣ್ಣದ ಚಾಚಿಕೆಯಿರುತ್ತದೆ.

ಒಂದು ಹೂವು ಮೂರು ನಾಲ್ಕು ದಿನ ಅರಳಿ ಮುಚ್ಚುತ್ತದೆ, ಆದರೆ ಪ್ರತಿದಿನವೂ ಅದು ಒಂದೇ ಹೂವಲ್ಲ. ಮೊದಲ ದಿನ ಅದು ಹೆಣ್ಣು. ನಡುವಿನ ಬಟ್ಟಲಿನಂತಹ ಶಲಾಕಾಗ್ರದಲ್ಲಿ ತಿಳಿಯಾದ ರಸ ತುಂಬಿರುತ್ತದೆ, ಕೇಸರಗಳು ಹೊರಕ್ಕೆ ಬಾಗಿ ನಿಂತಿರುತ್ತವೆ. ಬೇರೆ ಹೂವಿನ ಪರಾಗ ಹೊತ್ತ ಜೇನ್ನೊಣವೋ ಚಿಕ್ಕ ಕೀಟವೋ ಜಾರಿ ಆ ರಸಕ್ಕೆ ಬಿದ್ದಾಗ ಪರಾಗವು ತೊಳೆದುಹೋಗಿ ಶಲಾಕಾಗ್ರವನ್ನು ಸೇರುತ್ತದೆ. ಕೆಲವು ಕೀಟಗಳು ಅಲ್ಲಿಯೇ ಮುಳುಗಿ ಸಾಯುವುದೂ ಉಂಟು. ಎರಡನೆಯ ದಿನ ರಸ ಬತ್ತಿ, ಕೇಸರಗಳು ಒಳಬಾಗಿ ಬಟ್ಟಲನ್ನು ಮುಚ್ಚುತ್ತವೆ, ಪರಾಗಕೋಶಗಳು ಬಿರಿಯುತ್ತವೆ. ಹೀಗೆ ಹೂವು ಗಂಡಾಗುತ್ತದೆ. ಬೆಳಗಿನ ಹೊತ್ತು ಕೆರೆಯ ಅಂಚಿನಲ್ಲಿ ನಿಂತು ಕೆಲವು ಹೂಗಳ ಒಳಗನ್ನು ನೋಡಿದರೆ ಎರಡೂ ಅವಸ್ಥೆಗಳನ್ನು ಒಂದೇ ದಿನ ಗುರುತಿಸಬಹುದು. ಶಾಲಾ ಮಕ್ಕಳಿಗೆ ಪರಕೀಯ ಪರಾಗಸ್ಪರ್ಶವನ್ನು ತೋರಿಸಲು ಇದಕ್ಕಿಂತ ಸುಲಭವಾದ ಹೂವು ನಮ್ಮ ಭಾಗದಲ್ಲಿ ಇಲ್ಲವೆಂದೇ ಹೇಳಬಹುದು.

ಪರಾಗಸ್ಪರ್ಶವಾದ ಮೇಲೆ ಹೂದೊಟ್ಟು ಬಾಗಿ ಕಾಯಿಯನ್ನು ನೀರಿನೊಳಕ್ಕೆ ಎಳೆದುಕೊಳ್ಳುತ್ತದೆ. ಕಾಯಿ ನೀರಿನಲ್ಲಿಯೇ ಮಾಗಿ ಒಡೆಯುತ್ತದೆ. ಸಾಸಿವೆಗಿಂತ ಹೆಚ್ಚು ದಪ್ಪವಿಲ್ಲದ ಬೀಜಗಳ ಸುತ್ತ ಗಾಳಿ ತುಂಬಿದ ಮೆದುಪೊರೆಯೊಂದಿರುತ್ತದೆ. ಪೊರೆಯಿರುವ ತನಕ ಬೀಜ ತೇಲುತ್ತ ಗಾಳಿ ಬೀಸಿದ ಕಡೆಗೆ ಸಾಗುತ್ತದೆ, ಪೊರೆ ಕೊಳೆತೊಡನೆ ಮುಳುಗಿ ತಳ ಸೇರುತ್ತದೆ. ಹೀಗೆ ವರ್ಷವರ್ಷವೂ ಬಿದ್ದ ಬೀಜಗಳು ಕೆಸರಿನ ಮೇಲ್ಪದರದಲ್ಲಿ ಕೂಡಿಕೊಂಡಿರುತ್ತವೆ.

ನಾಲ್ಕು ತಾಲೂಕುಗಳಲ್ಲಿ ನೈದಿಲೆಯ ನೆಲೆ

ನೀರು ಹೆಚ್ಚಿದ್ದಲ್ಲಿ ಜಲಸಸ್ಯವೂ ಹೆಚ್ಚೆಂದು ಭಾವಿಸುವುದು ಸಹಜ. ಈ ನಾಲ್ಕು ತಾಲೂಕುಗಳಲ್ಲಿ ನೈದಿಲೆಯ ಮಟ್ಟಿಗೆ ಸ್ಥಿತಿ ಅದಕ್ಕೆ ತದ್ವಿರುದ್ಧವಾಗಿದೆ.

ಜೋಯಿಡಾ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ಕ್ಯಾಸಲ್‌ರಾಕ್ ಆಸುಪಾಸಿನಲ್ಲಿ, ವರ್ಷದ ಮಳೆ 4,000 ಮಿ.ಮೀ. ಮೀರುತ್ತದೆ. ಕಾಳಿ ನದಿ ಹುಟ್ಟುವುದೂ ಈ ತಾಲೂಕಿನಲ್ಲಿಯೇ. ಆದರೆ ಇಲ್ಲಿಯ ಹಳ್ಳಗಳು ಬಂಡೆಯ ಮೇಲೆ ರಭಸದಿಂದ ಹರಿಯುವಂಥವು, ಗಡ್ಡೆ ಹಿಡಿಯುವಷ್ಟು ಕೆಸರು ಅಲ್ಲಿ ನಿಲ್ಲುವುದಿಲ್ಲ. ಪಶ್ಚಿಮಘಟ್ಟದ ಇಂತಹ ಹೊಳೆಗಳಲ್ಲಿ ಬಾಳುವ ಹೂಗಿಡಗಳೇ ಬೇರೆ. ಬಂಡೆಗೆ ಹಾವಸೆಯಂತೆ ಅಂಟಿ, ನೀರಿಳಿದಾಗ ಕ್ಷಣಕಾಲ ಹೂಬಿಡುವ ಪೊಡೊಸ್ಟೆಮೇಸಿ ಕುಟುಂಬದ ಸಸ್ಯಗಳು ಅವುಗಳಲ್ಲಿ ಪ್ರಮುಖ. ಗಣೇಶಗುಡಿಯ ಬಳಿಯ ಸೂಪಾ ಅಣೆಕಟ್ಟು 101 ಮೀಟರ್ ಎತ್ತರದ್ದು. ಅದರ ಹಿನ್ನೀರು ವಿಶಾಲವಾಗಿದ್ದರೂ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ನೀರಿನ ಮಟ್ಟದ ಏರಿಳಿತ ಬಹಳ ಹೆಚ್ಚು. ಇಂದು ದಡವಾಗಿದ್ದ ಜಾಗ ಕೆಲವು ತಿಂಗಳಲ್ಲಿ ಆಳವಾದ ಮಡುವಾಗುವಲ್ಲಿ ಎರಡು ಮೀಟರಿನ ತೊಟ್ಟಿನ ಸಸ್ಯ ನೆಲೆನಿಲ್ಲಲಾರದು. ದಾಂಡೇಲಿಯ ಬಳಿ ಕಾಳಿಯ ಹರಿವು ವಿದ್ಯುದುತ್ಪಾದನೆಗೆ ಬಿಡುವ ನೀರಿಗೆ ತಕ್ಕಂತೆ ದಿನದೊಳಗೇ ಬದಲಾಗುತ್ತದೆ, ಅಲ್ಲಿಯೂ ತೇಲೆಲೆಯ ಸಸ್ಯಕ್ಕೆ ಅವಕಾಶ ಕಡಿಮೆ. ಈ ಎರಡು ತಾಲೂಕುಗಳಲ್ಲಿ ನೈದಿಲೆಯನ್ನು ಅರಸುವವರು ಹೊಳೆಯನ್ನು ಬಿಟ್ಟು, ಊರ ಬಳಿಯ ಸಣ್ಣ ಕೆರೆ ಹೊಂಡಗಳನ್ನೂ ಗದ್ದೆಬಯಲಿನ ನಿಂತ ನೀರನ್ನೂ ನೋಡಬೇಕು.

ಹಳಿಯಾಳ ಮತ್ತು ಮುಂಡಗೋಡಗಳಲ್ಲಿ ಮಳೆ ಇದರ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಈ ಸೆರಗಿನಲ್ಲಿ ನೆಲ ಮೆಲ್ಲಗೆ ಇಳಿಜಾರಾಗಿದ್ದು, ಭತ್ತದ ಬೆಳೆಗೆ ಹಿಂಗಾರಿನ ಭರವಸೆ ಸಾಲದೆ ಹಿರಿಯರು ಕೆರೆಗಳನ್ನು ಕಟ್ಟಿದರು. ಏರಿಯ ಬಳಿ ಆಳ, ಹಿಂಬದಿಯಲ್ಲಿ ಕ್ರಮವಾಗಿ ತೆಳುವಾಗುತ್ತ ಹೋಗುವ ನೀರು, ತಳದಲ್ಲಿ ಗೋಡುಮಣ್ಣು, ಕೋಡಿಯಿಂದಾಗಿ ಒಂದು ಮಿತಿಯನ್ನು ಮೀರದ ಮಟ್ಟ. ನೈದಿಲೆಗೆ ಬೇಕಾದುದೆಲ್ಲವೂ ಇಂತಹ ಕೆರೆಯಲ್ಲಿದೆ. ಹಾಗಾಗಿ ನಮ್ಮ ಭಾಗದಲ್ಲಿ ಇದು ಕಾಡಿನ ಹೂವೆನ್ನುವುದಕ್ಕಿಂತ ಕೃಷಿಯ ಹೂವೆನ್ನುವುದೇ ಹೆಚ್ಚು ಸರಿ. ರೈತರು ನೀರು ನಿಲ್ಲಿಸಿದಲ್ಲಿ ಅದು ನೆಲೆಸಿದೆ. ಮುಂಡಗೋಡ ತಾಲೂಕಿನ ಅತ್ತಿವೇರಿ, ಮಳಗಿಯ ಧರ್ಮಾ ಜಲಾಶಯಗಳಂತಹ ದೊಡ್ಡ ನೀರಿನಲ್ಲಿ ನಡುಭಾಗವು ಅದಕ್ಕೆ ಒಗ್ಗುವುದಿಲ್ಲ, ಹಿನ್ನೀರಿನ ತೆಳುವಾದ ಮೂಲೆಗಳಷ್ಟೇ ಅನುಕೂಲ.

ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಗಣೇಶ ಚೌತಿಯ ಸುಮಾರಿಗೆ, ಹೂಗಳು ಹೆಚ್ಚತೊಡಗಿ ಚಳಿಗಾಲದವರೆಗೆ ಮುಂದುವರಿಯುತ್ತವೆ. ಬೇಸಿಗೆಯಲ್ಲಿಯೂ ನೀರು ಬತ್ತದ ಕೆರೆಗಳಲ್ಲಿ ವರ್ಷದ ಹೆಚ್ಚು ಕಾಲ ಹೂವಿರುತ್ತದೆ.

ಕಳೆಯೆನ್ನಬೇಕೆ?

ಮೊದಲ ಪ್ರಶ್ನೆಗೆ ಈಗ ಬರಬಹುದು. ಕೆರೆಯಲ್ಲಿ ಹಬ್ಬಿರುವುದು ನಿಜವಾಗಿಯೂ ನೈದಿಲೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ದಕ್ಷಿಣ ಅಮೆರಿಕದಿಂದ 19ನೆಯ ಶತಮಾನದ ಕೊನೆಯ ಸುಮಾರಿಗೆ ಭಾರತಕ್ಕೆ ಬಂದ ವಾಟರ್ ಹಯಸಿಂತ್ ಎಂಬ ಕಳೆಯೂ ನೀಲಿನೇರಳೆ ಹೂವನ್ನೇ ಬಿಡುತ್ತದೆ. ಆದರೆ ಅದು ತಳಕ್ಕೆ ಬೇರೂರದೆ, ಉಬ್ಬಿದ ತೊಟ್ಟುಗಳ ಬಲದಿಂದ ತೇಲುತ್ತ, ಕೆಲವೇ ವಾರಗಳಲ್ಲಿ ಇಮ್ಮಡಿಯಾಗುತ್ತ ಇಡೀ ಕೆರೆಯನ್ನು ಮುಚ್ಚುತ್ತದೆ. ಆಳವೆಂಬ ಕಟ್ಟು ಅದಕ್ಕಿಲ್ಲ, ನೈದಿಲೆಗೆ ಇದೆ. ನಡುವೆ ಆಳವಿರುವ ಕೆರೆಯನ್ನು ನೈದಿಲೆ ಎಂದಿಗೂ ಪೂರ್ತಿ ಮುಚ್ಚಲಾರದು. ಪೂರ್ತಿ ಮುಚ್ಚಿದೆಯೆಂದರೆ ಕೆರೆಯೇ ಹೂಳಿನಿಂದ ಎರಡು ಮೀಟರಿಗಿಂತ ತೆಳುವಾಗಿದೆ ಎಂದು ಅರ್ಥ. ಆಗ ದೋಷ ಸಸ್ಯದ್ದಲ್ಲ, ಅದನ್ನು ಹೂಳಿನ ಅಳತೆಗೋಲೆಂದೇ ತಿಳಿಯಬೇಕು.

ನೈದಿಲೆಯು ಕೆರೆಯ ನೀರನ್ನು ಕುಡಿದು ಮುಗಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನೀರಿನ ಮೇಲೆ ಮಲಗಿರುವ ಎಲೆಯಿಂದಾಗುವ ಬಾಷ್ಪವಿಸರ್ಜನೆಯು ಅದೇ ಜಾಗದ ತೆರೆದ ನೀರು ಆವಿಯಾಗುವುದಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಗಾಳಿಗೆ ಎದ್ದುನಿಲ್ಲುವ ವಾಟರ್ ಹಯಸಿಂತ್‌ನ ಸಂಗತಿ ಬೇರೆ, ಅದು ನಷ್ಟವನ್ನು ಹೆಚ್ಚಿಸುತ್ತದೆ. ನೈದಿಲೆಯ ಎಲೆಯ ನೆರಳಿನಿಂದ ನೀರು ತಂಪಾಗಿರುತ್ತದೆ, ಪಾಚಿಯ ಬೆಳವಣಿಗೆ ತಗ್ಗುತ್ತದೆ, ಮೀನುಮರಿಗಳಿಗೆ ಮರೆ ದೊರೆಯುತ್ತದೆ. ಬಾಲದ ದೇವನಕ್ಕಿಯು ಮಳೆಗಾಲದಲ್ಲಿ ಗೂಡುಕಟ್ಟುವುದು ಇಂತಹ ತೇಲುವ ಎಲೆಗಳ ಮೇಲೆಯೇ. ಅದರ ನಾಲ್ಕು ಮೊಟ್ಟೆಗಳಿಗೆ ಕಾವು ಕೊಡುವುದು ಗಂಡುಹಕ್ಕಿ.

ಹೀಗಿದ್ದರೂ ಮೀನುಕೃಷಿಗೆ ಗುತ್ತಿಗೆ ಹಿಡಿದ ಕೆರೆಯಲ್ಲಿ ಎಲೆಯ ಹೊದಿಕೆ ಬಲೆ ಎಳೆಯಲು ತೊಡಕಾಗುವುದು ನಿಜ. ನಮ್ಮ ಅಭಿಪ್ರಾಯದಲ್ಲಿ ನೀರಿನ ಹರವಿನ ಮೂರನೆಯ ಒಂದು ಭಾಗದವರೆಗೆ ಹೊದಿಕೆಯಿದ್ದರೆ ಕೈಹಾಕಬೇಕಾಗಿಲ್ಲ. ಅದನ್ನು ಮೀರಿದಾಗ, ತೆರವು ಮಾಡಬೇಕಾದ ಪಟ್ಟಿಯನ್ನು ಗುರುತಿಸಿಕೊಂಡು ಅಲ್ಲಿಯ ಎಲೆಗಳನ್ನು ನೀರಿನ ಮೇಲ್ಮೈಯಿಂದ ಸಾಧ್ಯವಾದಷ್ಟು ಕೆಳಗೆ ಕುಡುಗೋಲಿನಿಂದ ಕತ್ತರಿಸಬೇಕು. ಹೊಸ ಎಲೆಗಳು ಬಂದಂತೆ ಎರಡು ಮೂರು ವಾರಗಳಿಗೊಮ್ಮೆ ಇದನ್ನು ಪುನರಾವರ್ತಿಸಿದರೆ ಗಡ್ಡೆಯ ಸಂಗ್ರಹ ಮುಗಿದು, ಗಾಳಿಯ ದಾರಿಯೂ ಕಡಿದು, ಆ ಪಟ್ಟಿ ತೆರವಾಗುತ್ತದೆ. ಕತ್ತರಿಸಿದ ಎಲೆಗಳನ್ನು ನೀರಿನಲ್ಲಿ ಬಿಡದೆ ದಡಕ್ಕೆಳೆದು ಗೊಬ್ಬರದ ಗುಂಡಿಗೆ ಹಾಕಬೇಕು. ದೇವನಕ್ಕಿಯ ಗೂಡುಗಳಿರುವ ಜೂನ್–ಸೆಪ್ಟೆಂಬರ್ ಅವಧಿಯನ್ನು ಬಿಟ್ಟು ಈ ಕೆಲಸ ಮಾಡುವುದು ಉಚಿತ.

ಕಳೆನಾಶಕವನ್ನು ನಾವು ಶಿಫಾರಸು ಮಾಡುವುದಿಲ್ಲ. ದನಕರು ಕುಡಿಯುವ, ತೂಬಿನ ಮೂಲಕ ಗದ್ದೆಗೆ ಹರಿಯುವ ನೀರು ಅದು. ಜೊತೆಗೆ, ಎಲೆಗಳೆಲ್ಲ ಒಮ್ಮೆಲೆ ಸತ್ತು ಕೊಳೆತಾಗ ನೀರಿನ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಹುಲ್ಲುಗೆಂಡೆ ಮೀನನ್ನು ಬಿಡುವಾಗಲೂ ಎಚ್ಚರಿಕೆ ಬೇಕು, ಮೊಳೆತ ನೈದಿಲೆಯ ಮೆದುವಾದ ಸಸಿಗಳೂ ಅದರ ಆಹಾರವಾಗುತ್ತವೆ. ಸಾಮಾನ್ಯಗೆಂಡೆಯು ತಳದ ಕೆಸರನ್ನು ಕೆದಕಿ ನೀರನ್ನು ಕದಡುವುದರಿಂದ ನೀರೊಳಗಿನ ಮೊದಲ ಎಲೆಗಳಿಗೆ ಬೆಳಕು ತಲುಪುವುದಿಲ್ಲ.

ವಾಟರ್ ಹಯಸಿಂತ್ ಬಾಧೆಯಿರುವ ಕೆರೆಯಲ್ಲಿ ನೈದಿಲೆಯೂ ಉಳಿದಿದ್ದರೆ ನಿಯೊಕೆಟಿನಾ ಜಾತಿಯ ಮೂತಿಹುಳುಗಳ ಬಿಡುಗಡೆ ಸೂಕ್ತ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಮೂಲಕ ಭಾರತಕ್ಕೆ ತರಿಸಲಾದ ಈ ಕೀಟಗಳು ಆ ಕಳೆಯನ್ನು ತಿನ್ನುತ್ತವೆಯೇ ಹೊರತು ನೈದಿಲೆಯನ್ನು ಮುಟ್ಟುವುದಿಲ್ಲ. ಫಲ ಕಾಣಲು ವರ್ಷಗಳು ಬೇಕಾಗುತ್ತವೆ. ತ್ವರಿತವಾಗಿ ಬೇಕೆನ್ನುವವರು ಕೈಯಿಂದ ಎಳೆದು ತೆಗೆಯುವುದೇ ಲೇಸು.

ಹೂಳೆತ್ತುವಿಕೆ ಮತ್ತು ನೈದಿಲೆ

ಹೂಳೆತ್ತದೆ ಕೆರೆ ಉಳಿಯದು, ಕೆರೆ ಉಳಿಯದೆ ನೈದಿಲೆಯೂ ಉಳಿಯದು. ಆದ್ದರಿಂದ ಹೂಳೆತ್ತುವುದಕ್ಕೆ ನಮ್ಮ ಆಕ್ಷೇಪವಿಲ್ಲ, ಆಕ್ಷೇಪವಿರುವುದು ಕೆರೆಗೆ ಕೊಡುವ ಆಕಾರಕ್ಕೆ. ಉದ್ಯೋಗ ಖಾತರಿ ಮೊದಲಾದ ಯೋಜನೆಗಳ ಅನುದಾನವನ್ನು ಕೂಡಿಸಿಕೊಂಡು 2022ರಲ್ಲಿ ತೊಡಗಿದ ಅಮೃತ ಸರೋವರ ಕಾರ್ಯಕ್ರಮವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಕೆರೆಗೆ ಕನಿಷ್ಠ ಒಂದು ಎಕರೆ ಹರವು, ಸುಮಾರು 10,000 ಘನ ಮೀಟರ್ ನೀರಿನ ಸಾಮರ್ಥ್ಯ ಇರಬೇಕೆಂದಿದೆ. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಭಾಗಿಸಿ ನೋಡಿದರೆ ಸರಾಸರಿ ಆಳವೇ ಎರಡೂವರೆ ಮೀಟರಿನಷ್ಟಾಗುತ್ತದೆ. ಇಷ್ಟು ಚಿಕ್ಕ ಹರವಿನಲ್ಲಿ ಆ ಸಾಮರ್ಥ್ಯವನ್ನು ಸಾಧಿಸಲು ಬದಿಗಳನ್ನು ಕಡಿದಾಗಿ ಇಳಿಸಿ ತೊಟ್ಟಿಯಂತೆ ಅಗೆಯುವುದು ಗುತ್ತಿಗೆದಾರನಿಗೆ ಸುಲಭ. ತೊಟ್ಟಿಯಾಕಾರದ ಕೆರೆ ತುಂಬಿದಾಗ ಅದರಲ್ಲಿ ನೈದಿಲೆಗೆ ತಕ್ಕ ಆಳದ ಜಾಗವೇ ಇರುವುದಿಲ್ಲ. ಗಡ್ಡೆಯೂ ಬೀಜವೂ ಇದ್ದ ಮೇಲ್ಪದರ ಆಗಲೇ ಟ್ರ್ಯಾಕ್ಟರಿನಲ್ಲಿ ಹೊಲ ಸೇರಿರುತ್ತದೆ. ಎರಡನೆಯ ಪ್ರಶ್ನೆಗೆ ಇದೇ ಉತ್ತರ. ಒಂದು ಎಕರೆಗಿಂತ ದೊಡ್ಡ ಕೆರೆಯಲ್ಲಿ ಅದೇ ಸಾಮರ್ಥ್ಯವನ್ನು ಬದಿಗಳನ್ನು ಕಡಿಯದೆಯೇ ಪಡೆಯಬಹುದೆಂಬುದನ್ನು ಅಂದಾಜುಪಟ್ಟಿ ತಯಾರಿಸುವವರು ಗಮನಿಸಬೇಕು.

ಗ್ರಾಮ ಪಂಚಾಯತಿ ಹಾಗೂ ಕೆರೆ ಬಳಕೆದಾರರು ಕೆಲಸ ತೊಡಗುವ ಮುನ್ನವೇ ಈ ಕೆಳಗಿನದನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಏರಿಯ ಎದುರಿನ, ನೀರು ಒಳಬರುವ ಕಡೆಯ ಅಂಚಿನಲ್ಲಿ ಕೆರೆಯ ಹರವಿನ ಐದನೆಯ ಒಂದು ಭಾಗದಷ್ಟನ್ನಾದರೂ ಅಗೆಯದೆ ಬಿಡಬೇಕು. ಅಗೆಯಲೇಬೇಕಾದಲ್ಲಿ, ತುಂಬಿದಾಗ ಒಂದು ಒಂದೂವರೆ ಮೀಟರ್ ನೀರು ನಿಲ್ಲುವಂತೆ ಅಲ್ಲೊಂದು ಮೆಟ್ಟಿಲನ್ನು ಉಳಿಸಿ, ಬದಿಯ ಇಳಿಜಾರನ್ನು ಐದು ಅಡಿಗೆ ಒಂದಡಿಗಿಂತ ಕಡಿದಾಗಿಸಬಾರದು. ಈ ಇಳಿಜಾರು ದನಗಳು ಇಳಿದು ನೀರು ಕುಡಿಯಲೂ, ಆಕಸ್ಮಿಕವಾಗಿ ಬಿದ್ದ ಮಗು ಹತ್ತಿ ಬರಲೂ ಅನುಕೂಲ. ನೈದಿಲೆ ಹೇರಳವಾಗಿದ್ದ ಜಾಗವನ್ನು ಜನವರಿಯಲ್ಲಿ, ಎಲೆಗಳು ಕಾಣುತ್ತಿರುವಾಗಲೇ, ಗೂಟ ನೆಟ್ಟು ಗುರುತಿಸಬೇಕು, ಏಪ್ರಿಲಿನಲ್ಲಿ ಗುರುತು ಸಿಗುವುದಿಲ್ಲ. ಅಲ್ಲಿಯ ಮೇಲ್ಪದರದ 20 ಸೆಂ.ಮೀ. ಮಣ್ಣನ್ನು ಬೇರೆಯಾಗಿ ಎತ್ತಿ ನೆರಳಿನಲ್ಲಿ ರಾಶಿಹಾಕಿ, ಒದ್ದೆ ಗೋಣಿ ಹೊದಿಸಿ, ಕೆಲಸ ಮುಗಿದ ಮೇಲೆ ಉಳಿಸಿದ ಮೆಟ್ಟಿಲ ಮೇಲೆ ಮರಳಿ ಹರಡಬೇಕು. ಉಳಿದ ಗೋಡುಮಣ್ಣು ಹೊಲಕ್ಕೆ ಹೋಗಬಹುದು. ಅದರೊಂದಿಗೆ ಹೋದ ಗಡ್ಡೆಗಳು ಒಣಭೂಮಿಯಲ್ಲಿ ಕಳೆಯಾಗುವ ಭಯವಿಲ್ಲ.

ಮರುನಾಟಿ

ನೈದಿಲೆ ಕಣ್ಮರೆಯಾದ ಕೆರೆಗೆ ನೆರೆಯ ಕೆರೆಯಿಂದ ಗಡ್ಡೆ ತಂದು ನೆಡಬಹುದು. ಒಂದೇ ನೀರಿನ ಸರಣಿಯಲ್ಲಿ ಮೇಲಿರುವ ಕೆರೆಯಿಂದ ತರುವುದು ಉತ್ತಮ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದೊಳಗಿನ ಹೊಂಡಗಳಿಂದ ಯಾವುದೇ ಸಸ್ಯವನ್ನು ಅನುಮತಿಯಿಲ್ಲದೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನರ್ಸರಿಗಳಲ್ಲಿ ಮಾರುವ ಬಣ್ಣಬಣ್ಣದ ನೈದಿಲೆಗಳು ಬಹುತೇಕ ವಿದೇಶೀ ಪ್ರಭೇದಗಳ ಸಂಕರಗಳು. ಅವುಗಳಲ್ಲಿ ಕೆಲವು, ಎಲೆಯ ನಡುವಿನಿಂದಲೇ ಮರಿಗಿಡ ಬಿಡುವ ಡೌಬೆನಿಯಾನಾದಂಥವು, ತೊಟ್ಟಿಯಲ್ಲಿ ಅಂದವಾದರೂ ಊರ ಕೆರೆಗೆ ಬಿಡತಕ್ಕವಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಕೆಸರಿಲ್ಲದ ಕಾರಣ ನೈದಿಲೆ ನಿಲ್ಲುವುದಿಲ್ಲ, ಬೇಕೆನ್ನುವವರು ಮಣ್ಣು ತುಂಬಿದ ಅಗಲ ಬಾಯಿಯ ಕುಂಡದಲ್ಲಿಟ್ಟು ಮುಳುಗಿಸಬಹುದು.

ನಾಟಿಗೆ ಜೂನ್ ಕೊನೆಯಿಂದ ಜುಲೈವರೆಗಿನ ಕಾಲ ಯೋಗ್ಯ. ಒಂದೆರಡು ಎಲೆ ಚಿಗುರಿದ ಗಡ್ಡೆಯನ್ನು ಬೇರುಸಹಿತ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ಅದೇ ದಿನ ನೆಡಬೇಕು. ಬಿದಿರಿನ ಸಣ್ಣ ಬುಟ್ಟಿಗೆ ಕೆರೆಮಣ್ಣು ತುಂಬಿ, ಚಿಗುರಿನ ತುದಿ ಮಣ್ಣಿನ ಮೇಲೆ ಉಳಿಯುವಂತೆ ಗಡ್ಡೆಯನ್ನಿಟ್ಟು, ತೇಲದಂತೆ ಒಂದು ಕಲ್ಲನ್ನು ಒತ್ತಿಡಬೇಕು. ಸಗಣಿಗೊಬ್ಬರ ಸೇರಿಸಬಾರದು, ಅದು ನೀರಿನಡಿ ಕೊಳೆತು ಎಳೆಬೇರನ್ನು ಕೆಡಿಸುತ್ತದೆ. ಮೊದಲಿಗೆ 30–40 ಸೆಂ.ಮೀ. ಆಳದ ನೀರಿನಲ್ಲಿ, ಬುಟ್ಟಿಯಿಂದ ಬುಟ್ಟಿಗೆ ಒಂದೂವರೆ ಮೀಟರ್ ಅಂತರದಲ್ಲಿಟ್ಟು, ಎಲೆಗಳು ಮೇಲ್ಮೈಗೆ ಬಂದ ಬಳಿಕ ಕ್ರಮೇಣ ಆಳಕ್ಕೆ ಸರಿಸಬೇಕು. ಮಳೆ ಜೋರಾಗಿ ಕೆರೆ ಒಮ್ಮೆಲೆ ತುಂಬುವ ಸಂಭವವಿದ್ದರೆ ಅಂಚಿನ ಇಳಿಜಾರಿನಲ್ಲಿ ಮೂರು ಬೇರೆ ಬೇರೆ ಮಟ್ಟಗಳಲ್ಲಿ ಬುಟ್ಟಿಗಳನ್ನು ಇಡುವುದು ಲೇಸು, ಯಾವುದಾದರೊಂದು ಮಟ್ಟ ಉಳಿದುಕೊಳ್ಳುತ್ತದೆ. ಮೊದಲ ಎರಡು ತಿಂಗಳು ಎಮ್ಮೆಗಳು ಆ ಮೂಲೆಗೆ ಇಳಿಯದಂತೆ ಮುಳ್ಳಿನ ಬೇಲಿ ಕಟ್ಟಬೇಕು. ಬಿದಿರು ಒಂದೆರಡು ವರ್ಷಗಳಲ್ಲಿ ಕೊಳೆತು ಬೇರು ತಳವನ್ನು ಹಿಡಿಯುತ್ತದೆ. ಮೊದಲ ಬೇಸಿಗೆಯಲ್ಲಿ ಎಲೆಗಳು ಒಣಗಿದಾಗ ಸಸ್ಯ ಸತ್ತಿತೆಂದು ಬುಟ್ಟಿಗಳನ್ನು ಕಿತ್ತುಹಾಕದೆ, ಮುಂದಿನ ಮುಂಗಾರಿನ ನೀರು ನಿಂತು ಮೂರು ನಾಲ್ಕು ವಾರಗಳಾಗುವ ತನಕ ಕಾಯಬೇಕು.